ಮಾಧ್ಯಮಿಕ ಶಾಲಾ ವಿದ್ಯಾರ್ಥಿಗಳಲ್ಲಿ ವಿಶೇಷ ಶೈಕ್ಷಣಿಕ ಅಗತ್ಯ ಬೆಂಬಲದ ಮಾಪನ (ಇಂಗ್ಲೆಂಡ್)

ವಿಶೇಷ ಶೈಕ್ಷಣಿಕ ಅಗತ್ಯ ಬೆಂಬಲ (ಸಂಕ್ಷಿಪ್ತವಾಗಿ ಎಸ್‌ಇಎನ್ ಬೆಂಬಲ) ಎಂಬುದು ಇಂಗ್ಲೆಂಡಿನ ಶಾಲೆಗಳಲ್ಲಿ ಕಲಿಕೆಯ ತೊಂದರೆ ಅಥವಾ ಅಂಗವೈಕಲ್ಯವುಳ್ಳ ವಿದ್ಯಾರ್ಥಿಗಳಿಗೆ ಶಾಲೆಯೇ ಗುರುತಿಸಿ ಒದಗಿಸುವ ಹೆಚ್ಚುವರಿ ನೆರವಿನ ಹಂತವಾಗಿದೆ. ಮಾಧ್ಯಮಿಕ ಶಾಲೆಗಳ ಒಟ್ಟು ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಈ ಹಂತದಲ್ಲಿದ್ದಾರೆ ಎಂಬುದನ್ನು ಶೇಕಡಾವಾರು ರೂಪದಲ್ಲಿ ಪ್ರತಿವರ್ಷ ಲೆಕ್ಕಹಾಕಿ ಪ್ರಕಟಿಸಲಾಗುತ್ತದೆ. ಈ ಅಂಕಿಯನ್ನು ಶಿಕ್ಷಣ ಇಲಾಖೆ, ಸ್ಥಳೀಯ ಪ್ರಾಧಿಕಾರಗಳು, ಶಾಲಾ ತಪಾಸಣಾ ಸಂಸ್ಥೆಯಾದ ಆಫ್‌ಸ್ಟೆಡ್, ಸಾರ್ವಜನಿಕ ಆರೋಗ್ಯ ಸಂಸ್ಥೆಗಳು ಹಾಗೂ ಸಂಶೋಧಕರು ಬಳಸುತ್ತಾರೆ. 2024ರ ಜನವರಿಯ ಗಣತಿಯ ಪ್ರಕಾರ ಸರ್ಕಾರಿ ಅನುದಾನಿತ ಮಾಧ್ಯಮಿಕ ಶಾಲೆಗಳಲ್ಲಿ ಈ ಪ್ರಮಾಣ ಶೇ. 12.9ರಷ್ಟಿತ್ತು, ಅಂದರೆ ಮೂವತ್ತು ಮಂದಿಯ ಒಂದು ತರಗತಿಯಲ್ಲಿ ಸರಾಸರಿ ಸುಮಾರು ನಾಲ್ವರು.

ಈ ಸೂಚಕವು ನೇರವಾಗಿ ಅಳೆಯುವುದು ಮಕ್ಕಳ ಅಗತ್ಯವನ್ನಲ್ಲ, ಶಾಲೆಯು ಗುರುತಿಸಿ ದಾಖಲಿಸಿದ ಅಗತ್ಯವನ್ನು. ಈ ಎರಡರ ನಡುವಿನ ಅಂತರವೇ ಈ ಮಾಪನದ ಕುರಿತಾದ ಬಹುಪಾಲು ಚರ್ಚೆಗಳ ಮೂಲವಾಗಿದೆ.

ಪರಿಭಾಷೆ ಮತ್ತು ಕಾನೂನು

2014ರ ಮಕ್ಕಳು ಮತ್ತು ಕುಟುಂಬಗಳ ಕಾಯಿದೆಯ ಪ್ರಕಾರ, ವಿಶೇಷ ಶೈಕ್ಷಣಿಕ ವ್ಯವಸ್ಥೆಯನ್ನು ಬೇಡುವಂತಹ ಕಲಿಕೆಯ ತೊಂದರೆ ಅಥವಾ ಅಂಗವೈಕಲ್ಯವಿದ್ದಲ್ಲಿ ಆ ಮಗುವಿಗೆ ವಿಶೇಷ ಶೈಕ್ಷಣಿಕ ಅಗತ್ಯವಿದೆ ಎಂದು ಪರಿಗಣಿಸಲಾಗುತ್ತದೆ. ಅದೇ ವಯಸ್ಸಿನ ಬಹುಪಾಲು ಮಕ್ಕಳಿಗಿಂತ ಗಣನೀಯವಾಗಿ ಹೆಚ್ಚಿನ ಕಷ್ಟ ಕಲಿಕೆಯಲ್ಲಿ ಎದುರಾದರೆ, ಅಥವಾ ಸಾಮಾನ್ಯ ಶಾಲೆಯ ಸೌಲಭ್ಯಗಳನ್ನು ಬಳಸಿಕೊಳ್ಳಲು ಅಂಗವೈಕಲ್ಯವು ಅಡ್ಡಿಯಾದರೆ ಈ ವ್ಯಾಖ್ಯೆ ಅನ್ವಯಿಸುತ್ತದೆ. ವ್ಯಾಖ್ಯೆಯು ಸಾಪೇಕ್ಷವಾದುದು: ಅದು ರೋಗನಿರ್ಣಯವನ್ನು ಕೇಳುವುದಿಲ್ಲ, ಸಮವಯಸ್ಕರೊಂದಿಗಿನ ಹೋಲಿಕೆಯನ್ನು ಕೇಳುತ್ತದೆ. ಹೀಗಾಗಿ ವೈದ್ಯಕೀಯ ಪ್ರಮಾಣಪತ್ರವಿಲ್ಲದ ವಿದ್ಯಾರ್ಥಿಯೂ ಬೆಂಬಲ ಪಡೆಯಬಹುದು. ಪ್ರಮಾಣಪತ್ರವಿದ್ದರೂ ವಿಶೇಷ ವ್ಯವಸ್ಥೆಯ ಅವಶ್ಯಕತೆಯಿಲ್ಲದ ವಿದ್ಯಾರ್ಥಿಯು ಪಟ್ಟಿಯ ಹೊರಗಿರಬಹುದು.

ಮನೆಯಲ್ಲಿ ಆಡುವ ಭಾಷೆಯು ಬೋಧನಾ ಭಾಷೆಗಿಂತ ಭಿನ್ನವಾಗಿದೆ ಎಂಬ ಒಂದೇ ಕಾರಣಕ್ಕೆ ಮಗುವಿಗೆ ಕಲಿಕೆಯ ತೊಂದರೆಯಿದೆ ಎಂದು ಪರಿಗಣಿಸಬಾರದೆಂದು ಕಾಯಿದೆಯು ಸ್ಪಷ್ಟವಾಗಿ ಹೇಳುತ್ತದೆ. ಮನೆಯಲ್ಲಿ ಕನ್ನಡ, ಪಂಜಾಬಿ ಅಥವಾ ಪೋಲಿಶ್ ಮಾತನಾಡುವ ಮಗುವಿನ ಇಂಗ್ಲಿಷ್ ಇನ್ನೂ ಬಲಿತಿಲ್ಲವೆಂದ ಮಾತ್ರಕ್ಕೆ ಅದನ್ನು ಈ ಪಟ್ಟಿಗೆ ಸೇರಿಸುವಂತಿಲ್ಲ.

ವಿಶೇಷ ಅಗತ್ಯವುಳ್ಳ ವಿದ್ಯಾರ್ಥಿಗಳನ್ನು ಎರಡು ಹಂತಗಳಲ್ಲಿ ವರ್ಗೀಕರಿಸಲಾಗುತ್ತದೆ:

- ಎಸ್‌ಇಎನ್ ಬೆಂಬಲ: ಶಾಲೆಯೇ ತನ್ನ ಸಂಪನ್ಮೂಲಗಳಿಂದ, ಅಗತ್ಯವಿದ್ದಲ್ಲಿ ಹೊರಗಿನ ತಜ್ಞರ ಸಲಹೆ ಪಡೆದು, ಒದಗಿಸುವ ನೆರವು. ಇದಕ್ಕೆ ಸ್ಥಳೀಯ ಪ್ರಾಧಿಕಾರದ ಅನುಮೋದನೆ ಬೇಕಿಲ್ಲ.
- ಶಿಕ್ಷಣ, ಆರೋಗ್ಯ ಮತ್ತು ಆರೈಕೆ ಯೋಜನೆ (ಇಎಚ್‌ಸಿ ಯೋಜನೆ): ಹೆಚ್ಚಿನ ಅಗತ್ಯವುಳ್ಳವರಿಗಾಗಿ ಸ್ಥಳೀಯ ಪ್ರಾಧಿಕಾರವು ಮೌಲ್ಯಮಾಪನ ನಡೆಸಿ ನೀಡುವ ಕಾನೂನುಬದ್ಧ ದಾಖಲೆ. ಇದು 25 ವರ್ಷ ವಯಸ್ಸಿನವರೆಗೂ ಮುಂದುವರಿಯಬಹುದು. ಇದರಲ್ಲಿ ನಮೂದಿಸಿದ ಶೈಕ್ಷಣಿಕ ವ್ಯವಸ್ಥೆಯನ್ನು ಒದಗಿಸುವುದು ಪ್ರಾಧಿಕಾರದ ಕಡ್ಡಾಯ ಕರ್ತವ್ಯ.

ಎರಡು ವರ್ಗಗಳು ಒಂದಕ್ಕೊಂದು ಹೊರತಾದವು. ಯೋಜನೆ ದೊರೆತ ವಿದ್ಯಾರ್ಥಿಯನ್ನು ಎಸ್‌ಇಎನ್ ಬೆಂಬಲದ ಲೆಕ್ಕದಿಂದ ಕೈಬಿಡಲಾಗುತ್ತದೆ. ಆದ್ದರಿಂದ ಬೆಂಬಲದ ಶೇಕಡಾವಾರನ್ನು ಒಂಟಿಯಾಗಿ ಓದುವುದಕ್ಕಿಂತ ಎರಡನ್ನೂ ಜೊತೆಯಾಗಿ ನೋಡುವುದು ಸೂಕ್ತ.

ಐತಿಹಾಸಿಕ ಹಿನ್ನೆಲೆ

1944ರ ಶಿಕ್ಷಣ ಕಾಯಿದೆ ಹಾಗೂ 1945ರ ನಿಯಮಾವಳಿಗಳು ಮಕ್ಕಳನ್ನು ಕುರುಡು, ಕಿವುಡು, ಮೂರ್ಛೆರೋಗ, "ಶೈಕ್ಷಣಿಕವಾಗಿ ಸಾಮಾನ್ಯಕ್ಕಿಂತ ಕೆಳಮಟ್ಟದವರು" ಮುಂತಾದ ಹನ್ನೊಂದು ವರ್ಗಗಳಲ್ಲಿ ವಿಂಗಡಿಸಿದ್ದವು. ಈ ಪದ್ಧತಿಯಲ್ಲಿ ಎಣಿಕೆಯು ವೈದ್ಯಕೀಯ ಗುರುತಿನ ಎಣಿಕೆಯಾಗಿತ್ತು. ತೀವ್ರ ಬೌದ್ಧಿಕ ತೊಂದರೆಯುಳ್ಳ ಮಕ್ಕಳನ್ನು ಶಿಕ್ಷಣಕ್ಕೆ ಅನರ್ಹರೆಂದು ಪರಿಗಣಿಸಿ ಶಾಲಾ ವ್ಯವಸ್ಥೆಯಿಂದಲೇ ಹೊರಗಿಡಲಾಗಿತ್ತು. 1970ರ ಕಾಯಿದೆಯು ಈ ಹೊರಗಿಡುವಿಕೆಯನ್ನು ರದ್ದುಗೊಳಿಸಿತು.

ತತ್ವಜ್ಞಾನಿ ಮೇರಿ ವಾರ್ನಾಕ್ ಅವರ ಅಧ್ಯಕ್ಷತೆಯ ಸಮಿತಿಯು 1978ರಲ್ಲಿ ಸಲ್ಲಿಸಿದ ವರದಿಯು ಎಣಿಕೆಯ ಅಡಿಪಾಯವನ್ನೇ ಬದಲಿಸಿತು. ವೈಕಲ್ಯದ ವರ್ಗಗಳ ಬದಲಿಗೆ "ವಿಶೇಷ ಶೈಕ್ಷಣಿಕ ಅಗತ್ಯ" ಎಂಬ ಪರಿಕಲ್ಪನೆಯನ್ನು ಅದು ಮುಂದಿಟ್ಟಿತು. ಯಾವುದೇ ಒಂದು ಸಮಯದಲ್ಲಿ ಸುಮಾರು ಆರರಲ್ಲಿ ಒಂದು ಮಗುವಿಗೆ, ಹಾಗೂ ಶಾಲಾ ಜೀವನದ ಯಾವುದೋ ಹಂತದಲ್ಲಿ ಸುಮಾರು ಐದರಲ್ಲಿ ಒಂದು ಮಗುವಿಗೆ ವಿಶೇಷ ವ್ಯವಸ್ಥೆ ಬೇಕಾಗುತ್ತದೆ ಎಂದು ಸಮಿತಿಯು ಅಂದಾಜಿಸಿತು. ಒಂದು ದಿನದ ಎಣಿಕೆಗೂ ಜೀವನಾವಧಿಯ ಎಣಿಕೆಗೂ ವ್ಯತ್ಯಾಸವಿದೆ ಎಂಬ ಅಂಶವು ಹೀಗೆ ಆರಂಭದಿಂದಲೇ ಸ್ಪಷ್ಟವಾಗಿತ್ತು.

ನಂತರದ ಮುಖ್ಯ ಘಟ್ಟಗಳು ಹೀಗಿವೆ:

- 1981: ಶಿಕ್ಷಣ ಕಾಯಿದೆಯು ಹೆಚ್ಚಿನ ಅಗತ್ಯವುಳ್ಳ ಮಕ್ಕಳಿಗೆ "ಸ್ಟೇಟ್‌ಮೆಂಟ್" ಎಂಬ ಕಾನೂನುಬದ್ಧ ದಾಖಲೆಯನ್ನು ಪರಿಚಯಿಸಿತು. ಇದು 1983ರಲ್ಲಿ ಜಾರಿಗೆ ಬಂದಿತು.
- 1994: ಮೊದಲ ಆಚರಣಾ ಸಂಹಿತೆಯು ಐದು ಹಂತಗಳ ವ್ಯವಸ್ಥೆಯನ್ನು ರೂಪಿಸಿತು.
- 2001: ಪರಿಷ್ಕೃತ ಸಂಹಿತೆಯು ಶಾಲಾ ಮಟ್ಟದ ನೆರವನ್ನು "ಸ್ಕೂಲ್ ಆಕ್ಷನ್" ಹಾಗೂ ಹೊರಗಿನ ತಜ್ಞರೂ ಪಾಲ್ಗೊಳ್ಳುವ "ಸ್ಕೂಲ್ ಆಕ್ಷನ್ ಪ್ಲಸ್" ಎಂದು ಎರಡಾಗಿ ವಿಂಗಡಿಸಿತು.
- 2014: ಹೊಸ ಕಾಯಿದೆಯು ಸೆಪ್ಟೆಂಬರ್ 1ರಿಂದ ಈ ಎರಡೂ ಹಂತಗಳನ್ನು "ಎಸ್‌ಇಎನ್ ಬೆಂಬಲ" ಎಂಬ ಒಂದೇ ವರ್ಗದಲ್ಲಿ ಸೇರಿಸಿತು, ಸ್ಟೇಟ್‌ಮೆಂಟ್‌ಗಳ ಸ್ಥಾನದಲ್ಲಿ ಇಎಚ್‌ಸಿ ಯೋಜನೆಗಳು ಬಂದವು.
- 2015: ಪ್ರಸ್ತುತ ಆಚರಣಾ ಸಂಹಿತೆಯು ಪ್ರಕಟವಾಯಿತು.

ಬೆಂಬಲದ ಕಾರ್ಯವಿಧಾನ

ಶಾಲೆಯು ವಿದ್ಯಾರ್ಥಿಯನ್ನು ಪಟ್ಟಿಗೆ ಸೇರಿಸುವ ಮುನ್ನ ತರಗತಿಯ ಬೋಧನೆಯೇ ಉತ್ತಮ ಗುಣಮಟ್ಟದ್ದಾಗಿದೆಯೇ ಎಂಬುದನ್ನು ಪರಿಶೀಲಿಸಬೇಕೆಂದು ಸಂಹಿತೆ ಸೂಚಿಸುತ್ತದೆ. ಬೋಧನೆಯ ಕೊರತೆಯನ್ನು ಮಗುವಿನ ಕೊರತೆಯೆಂದು ದಾಖಲಿಸದಿರುವುದು ಇದರ ಉದ್ದೇಶ. ಆ ಬಳಿಕ ನಾಲ್ಕು ಹೆಜ್ಜೆಗಳ ಆವರ್ತನ ನಡೆಯುತ್ತದೆ: ಅಳೆಯುವುದು, ಯೋಜಿಸುವುದು, ಕಾರ್ಯರೂಪಕ್ಕೆ ತರುವುದು, ಮರುಪರಿಶೀಲಿಸುವುದು. ಮರುಪರಿಶೀಲನೆಯಲ್ಲಿ ನೆರವು ಸಾಲದೆಂದು ಕಂಡುಬಂದರೆ ಆವರ್ತನವನ್ನು ಹೆಚ್ಚಿನ ತೀವ್ರತೆಯೊಂದಿಗೆ ಪುನರಾವರ್ತಿಸಲಾಗುತ್ತದೆ. ನೆರವು ಇನ್ನು ಅನಗತ್ಯವೆನಿಸಿದರೆ ವಿದ್ಯಾರ್ಥಿಯನ್ನು ಪಟ್ಟಿಯಿಂದ ಕೈಬಿಡಲಾಗುತ್ತದೆ.

ಪ್ರತಿ ಸಾಮಾನ್ಯ ಶಾಲೆಯಲ್ಲಿಯೂ ಅರ್ಹ ಶಿಕ್ಷಕರೊಬ್ಬರು ವಿಶೇಷ ಅಗತ್ಯಗಳ ಸಂಯೋಜಕರಾಗಿರಬೇಕು. ವಿಶೇಷ ನೆರವನ್ನು ಆರಂಭಿಸುವಾಗ ಪೋಷಕರಿಗೆ ತಿಳಿಸುವುದು ಕಾನೂನಿನ ಕಡ್ಡಾಯ. ವರ್ಷಕ್ಕೆ ಕನಿಷ್ಠ ಮೂರು ಬಾರಿ ಪೋಷಕರನ್ನು ಭೇಟಿಯಾಗಬೇಕೆಂದು ಸಂಹಿತೆ ಹೇಳುತ್ತದೆ. ಆದರೆ ಇಎಚ್‌ಸಿ ಯೋಜನೆಯಲ್ಲಿರುವಂತೆ ನಿರ್ದಿಷ್ಟ ನೆರವಿಗೆ ಕಾನೂನಿನ ಖಾತರಿ ಈ ಹಂತದಲ್ಲಿಲ್ಲ. ಶಾಲೆಯು ತನ್ನ "ಅತ್ಯುತ್ತಮ ಪ್ರಯತ್ನ"ವನ್ನು ಮಾಡಬೇಕೆಂಬುದಷ್ಟೇ ಕಾಯಿದೆಯ ನಿರ್ದೇಶನ. ಅನೇಕ ಪೋಷಕರು ಶಾಲಾ ಬೆಂಬಲದಲ್ಲಿ ತೃಪ್ತರಾಗದೆ ಯೋಜನೆಗಾಗಿ ಅರ್ಜಿ ಸಲ್ಲಿಸುವುದಕ್ಕೆ ಇದೂ ಒಂದು ಕಾರಣ. ಯೋಜನೆಯನ್ನು 20 ವಾರಗಳಲ್ಲಿ ನೀಡಬೇಕೆಂಬ ನಿಯಮವಿದ್ದರೂ 2023ರಲ್ಲಿ ಸುಮಾರು ಅರ್ಧದಷ್ಟು ಹೊಸ ಯೋಜನೆಗಳು ಮಾತ್ರ ಈ ಅವಧಿಯೊಳಗೆ ಸಿದ್ಧವಾದವು.

ದತ್ತಾಂಶ ಸಂಗ್ರಹ

ಮಾಹಿತಿಯ ಮೂಲವು ಶಾಲಾ ಗಣತಿಯಾಗಿದೆ. ಸರ್ಕಾರಿ ಅನುದಾನಿತ ಶಾಲೆಗಳು ವರ್ಷಕ್ಕೆ ಮೂರು ಬಾರಿ, ಅಂದರೆ ಅಕ್ಟೋಬರ್, ಜನವರಿ ಮತ್ತು ಮೇ ತಿಂಗಳುಗಳಲ್ಲಿ, ಪ್ರತಿ ವಿದ್ಯಾರ್ಥಿಯ ದಾಖಲೆಯನ್ನು ಶಿಕ್ಷಣ ಇಲಾಖೆಗೆ ಸಲ್ಲಿಸುತ್ತವೆ. ವಿಶೇಷ ಅಗತ್ಯಗಳ ವಾರ್ಷಿಕ ಅಂಕಿಅಂಶಗಳನ್ನು ಜನವರಿಯ ಗಣತಿಯಿಂದ ಸಿದ್ಧಪಡಿಸಿ ಅದೇ ವರ್ಷದ ಬೇಸಿಗೆಯಲ್ಲಿ ಪ್ರಕಟಿಸಲಾಗುತ್ತದೆ. ಖಾಸಗಿ ಶಾಲೆಗಳು ಶಾಲಾ ಮಟ್ಟದ ಒಟ್ಟು ಸಂಖ್ಯೆಗಳನ್ನು ಪ್ರತ್ಯೇಕ ಗಣತಿಯ ಮೂಲಕ ನೀಡುತ್ತವೆ. ಆದ್ದರಿಂದ ಅಲ್ಲಿನ ವಿದ್ಯಾರ್ಥಿಗಳ ಕುರಿತು ಅಷ್ಟೇ ಆಳದ ವಿಶ್ಲೇಷಣೆ ಸಾಧ್ಯವಿಲ್ಲ.

ಪ್ರತಿ ವಿದ್ಯಾರ್ಥಿಯ ದಾಖಲೆಯಲ್ಲಿ ಒಂದು ಅಕ್ಷರದ ಸಂಕೇತವಿರುತ್ತದೆ: ಅಗತ್ಯವಿಲ್ಲದವರಿಗೆ "ಎನ್", ಎಸ್‌ಇಎನ್ ಬೆಂಬಲದವರಿಗೆ "ಕೆ", ಇಎಚ್‌ಸಿ ಯೋಜನೆಯುಳ್ಳವರಿಗೆ "ಇ". ಈ ಒಂದು ಅಕ್ಷರವೇ ರಾಷ್ಟ್ರೀಯ ಅಂಕಿಯ ಮೂಲ ಘಟಕ. ಅದನ್ನು ನಮೂದಿಸುವ ನಿರ್ಧಾರವು ಶಾಲೆಯದು. ನಿರ್ಧಾರಕ್ಕೆ ಮಾರ್ಗದರ್ಶನವಿದೆಯಾದರೂ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಪರೀಕ್ಷೆಯಾಗಲೀ ಅಂಕಗಳ ಗಡಿಯಾಗಲೀ ಇಲ್ಲ.

ಲೆಕ್ಕಾಚಾರ

ಸೂಚಕದ ಸೂತ್ರ ಸರಳವಾಗಿದೆ:

ಎಸ್‌ಇಎನ್ ಬೆಂಬಲದ ಶೇಕಡಾವಾರು = (ಬೆಂಬಲ ಹಂತದಲ್ಲಿರುವ ವಿದ್ಯಾರ್ಥಿಗಳ ಸಂಖ್ಯೆ ÷ ದಾಖಲಾಗಿರುವ ಒಟ್ಟು ವಿದ್ಯಾರ್ಥಿಗಳ ಸಂಖ್ಯೆ) × 100

ಛೇದದಲ್ಲಿ ಯಾರನ್ನು ಸೇರಿಸಲಾಗಿದೆ ಎಂಬುದನ್ನು ಗಮನಿಸುವುದು ಅವಶ್ಯ. ಇಂಗ್ಲೆಂಡಿನಲ್ಲಿ ಮಾಧ್ಯಮಿಕ ಶಿಕ್ಷಣವು ಸಾಮಾನ್ಯವಾಗಿ 11ನೆಯ ವಯಸ್ಸಿನಲ್ಲಿ, ಏಳನೆಯ ವರ್ಷದ ತರಗತಿಯಿಂದ ಆರಂಭವಾಗುತ್ತದೆ. ಕೆಲವು ಶಾಲೆಗಳು 16ನೆಯ ವಯಸ್ಸಿಗೆ ಮುಗಿದರೆ, ಇನ್ನು ಕೆಲವು "ಸಿಕ್ಸ್ತ್ ಫಾರ್ಮ್" ಮೂಲಕ 18ರವರೆಗೆ ಮುಂದುವರಿಯುತ್ತವೆ. ಉನ್ನತ ತರಗತಿಗಳಲ್ಲಿ ಬೆಂಬಲದ ಪ್ರಮಾಣ ಕಡಿಮೆಯಿರುವುದರಿಂದ ಸಿಕ್ಸ್ತ್ ಫಾರ್ಮ್ ಇರುವ ಶಾಲೆಯ ಒಟ್ಟು ಶೇಕಡಾವಾರು ಇಲ್ಲದ ಶಾಲೆಗಿಂತ ಕೆಳಗೆ ಕಾಣಿಸಬಹುದು. ವಿಶೇಷ ಶಾಲೆಗಳನ್ನು ಪ್ರತ್ಯೇಕವಾಗಿ ಎಣಿಸಲಾಗುತ್ತದೆ. ಅಲ್ಲಿನ ಬಹುತೇಕ ಎಲ್ಲರಿಗೂ ಇಎಚ್‌ಸಿ ಯೋಜನೆಯಿರುತ್ತದೆ.

ಸಣ್ಣ ಸಂಖ್ಯೆಗಳಿಂದ ಪಡೆದ ಶೇಕಡಾವಾರು ವರ್ಷದಿಂದ ವರ್ಷಕ್ಕೆ ಆಕಸ್ಮಿಕವಾಗಿ ಏರಿಳಿಯುತ್ತದೆ. ಉದಾಹರಣೆಗೆ 1,000 ವಿದ್ಯಾರ್ಥಿಗಳ ಶಾಲೆಯೊಂದರಲ್ಲಿ 130 ಮಂದಿ ಬೆಂಬಲ ಪಡೆಯುತ್ತಿದ್ದರೆ ಪ್ರಮಾಣ ಶೇ. 13. ವಿಲ್ಸನ್ ವಿಧಾನದ ಪ್ರಕಾರ ಇದರ ಶೇ. 95ರ ವಿಶ್ವಾಸಾಂತರವು ಸುಮಾರು 11.1ರಿಂದ 15.2. ಅದೇ ಪ್ರಮಾಣವು 100 ವಿದ್ಯಾರ್ಥಿಗಳ ಗುಂಪಿನಿಂದ ಬಂದಿದ್ದರೆ ಅಂತರವು 7.8ರಿಂದ 21.0ರವರೆಗೆ ಹಿಗ್ಗುತ್ತದೆ. ಗಣತಿಯು ಮಾದರಿ ಸಮೀಕ್ಷೆಯಲ್ಲ, ಎಲ್ಲರ ಎಣಿಕೆ. ಆದರೂ ಎರಡು ಶಾಲೆಗಳನ್ನು ಹೋಲಿಸುವಾಗ ಇಂತಹ ಅಂತರಗಳು ಆಕಸ್ಮಿಕ ವ್ಯತ್ಯಾಸವನ್ನು ನಿಜವಾದ ವ್ಯತ್ಯಾಸವೆಂದು ತಪ್ಪಾಗಿ ಭಾವಿಸುವುದನ್ನು ತಡೆಯುತ್ತವೆ.

ಅಗತ್ಯದ ಪ್ರಕಾರಗಳು

ಆಚರಣಾ ಸಂಹಿತೆಯು ಅಗತ್ಯಗಳನ್ನು ನಾಲ್ಕು ವಿಶಾಲ ಕ್ಷೇತ್ರಗಳಲ್ಲಿ ಗುರುತಿಸುತ್ತದೆ:

- ಸಂವಹನ ಮತ್ತು ಒಡನಾಟ: ಮಾತು ಹಾಗೂ ಭಾಷೆಯ ತೊಂದರೆಗಳು, ಆಟಿಸಂ.
- ಗ್ರಹಿಕೆ ಮತ್ತು ಕಲಿಕೆ: ಡಿಸ್ಲೆಕ್ಸಿಯಾದಂತಹ ನಿರ್ದಿಷ್ಟ ಕಲಿಕಾ ತೊಂದರೆಗಳು, ಮಧ್ಯಮ, ತೀವ್ರ ಮತ್ತು ಅತಿತೀವ್ರ ಬಹುಮುಖ ಕಲಿಕಾ ತೊಂದರೆಗಳು.
- ಸಾಮಾಜಿಕ, ಭಾವನಾತ್ಮಕ ಮತ್ತು ಮಾನಸಿಕ ಆರೋಗ್ಯ.
- ಇಂದ್ರಿಯ ಹಾಗೂ ದೈಹಿಕ ಅಗತ್ಯಗಳು: ದೃಷ್ಟಿ, ಶ್ರವಣ ಮತ್ತು ಚಲನೆಗೆ ಸಂಬಂಧಿಸಿದವು.

ಗಣತಿಯಲ್ಲಿ ಇವುಗಳ ಉಪವಿಭಾಗಗಳಿಗೆ ಸಂಕೇತಗಳಿದ್ದು, ಪ್ರತಿ ವಿದ್ಯಾರ್ಥಿಯ ಪ್ರಧಾನ ಅಗತ್ಯವನ್ನು ನಮೂದಿಸಬೇಕು. ಯಾವ ಬಗೆಯ ಅಗತ್ಯವೆಂದು ತಜ್ಞ ಮೌಲ್ಯಮಾಪನ ಇನ್ನೂ ನಡೆಯದವರಿಗೂ ಒಂದು ಸಂಕೇತವಿದೆ. ಕಿರಿಯ ಮಕ್ಕಳಲ್ಲಿ ಮಾತು ಮತ್ತು ಭಾಷೆಯ ತೊಂದರೆಗಳು ಹೆಚ್ಚಾಗಿ ದಾಖಲಾದರೆ, ಮಾಧ್ಯಮಿಕ ಹಂತದ ಬೆಂಬಲದಲ್ಲಿ ಸಾಮಾಜಿಕ-ಭಾವನಾತ್ಮಕ-ಮಾನಸಿಕ ಆರೋಗ್ಯದ ಅಗತ್ಯಗಳು, ನಿರ್ದಿಷ್ಟ ಕಲಿಕಾ ತೊಂದರೆಗಳು ಹಾಗೂ ಮಧ್ಯಮ ಕಲಿಕಾ ತೊಂದರೆಗಳು ಪ್ರಮುಖ ಸ್ಥಾನ ಪಡೆಯುತ್ತವೆ.

2014ಕ್ಕೆ ಮುಂಚೆ ಬಳಕೆಯಲ್ಲಿದ್ದ "ನಡವಳಿಕೆ, ಭಾವನಾತ್ಮಕ ಮತ್ತು ಸಾಮಾಜಿಕ ತೊಂದರೆ" ಎಂಬ ವರ್ಗವನ್ನು ಕೈಬಿಟ್ಟು "ಸಾಮಾಜಿಕ, ಭಾವನಾತ್ಮಕ ಮತ್ತು ಮಾನಸಿಕ ಆರೋಗ್ಯ" ಎಂಬ ವರ್ಗವನ್ನು ತರಲಾಯಿತು. ಕೇವಲ ಅಶಿಸ್ತನ್ನು ವಿಶೇಷ ಅಗತ್ಯವೆಂದು ದಾಖಲಿಸದೆ, ಅದರ ಹಿಂದಿನ ಕಾರಣವನ್ನು ಹುಡುಕಬೇಕೆಂಬುದು ಈ ಬದಲಾವಣೆಯ ಆಶಯ. ಎರಡು ವರ್ಗಗಳು ಸಮಾನವಲ್ಲದ ಕಾರಣ ಅವುಗಳ ಅಂಕಿಗಳನ್ನು ಒಂದೇ ಸರಣಿಯಾಗಿ ಜೋಡಿಸಲಾಗದು.

ಪ್ರವೃತ್ತಿಗಳು

ಇಂಗ್ಲೆಂಡಿನ ಎಲ್ಲ ಶಾಲೆಗಳನ್ನೂ ಒಟ್ಟಾಗಿ ಪರಿಗಣಿಸಿದರೆ, ವಿಶೇಷ ಅಗತ್ಯವುಳ್ಳವರೆಂದು ದಾಖಲಾದವರ ಪ್ರಮಾಣವು 2010ರಲ್ಲಿ ಸುಮಾರು ಶೇ. 21ರಷ್ಟಿತ್ತು. ನಂತರ ಅದು ಇಳಿಯುತ್ತಾ ಬಂದು 2014ರಲ್ಲಿ ಶೇ. 17.9, 2015ರಲ್ಲಿ ಶೇ. 15.4 ಮತ್ತು 2016ರಲ್ಲಿ ಶೇ. 14.4ಕ್ಕೆ ತಲುಪಿತು. ಆ ಬಳಿಕ ಏರಿಕೆ ಆರಂಭವಾಯಿತು. 2025ರಲ್ಲಿ ಎಸ್‌ಇಎನ್ ಬೆಂಬಲ ಪಡೆಯುತ್ತಿದ್ದವರು ಶೇ. 14.2 ಹಾಗೂ ಇಎಚ್‌ಸಿ ಯೋಜನೆಯುಳ್ಳವರು ಶೇ. 5.3ರಷ್ಟಿದ್ದರು; ಒಟ್ಟು ಸಂಖ್ಯೆ 17 ಲಕ್ಷವನ್ನು ಮೀರಿತ್ತು.

ಸರ್ಕಾರಿ ಅನುದಾನಿತ ಮಾಧ್ಯಮಿಕ ಶಾಲೆಗಳಲ್ಲಿ ಬೆಂಬಲದ ಪ್ರಮಾಣವು 2018ರಲ್ಲಿ ಶೇ. 10.6ರ ಆಸುಪಾಸಿನಲ್ಲಿದ್ದು 2024ರಲ್ಲಿ ಶೇ. 12.9ಕ್ಕೆ ಏರಿತು. ಅದೇ ವರ್ಷ ಈ ಶಾಲೆಗಳಲ್ಲಿ ಇಎಚ್‌ಸಿ ಯೋಜನೆಯುಳ್ಳವರು ಶೇ. 2.7ರಷ್ಟಿದ್ದರು.

2010ರಿಂದ 2016ರವರೆಗಿನ ಇಳಿಕೆಯನ್ನು ಮಕ್ಕಳ ಅಗತ್ಯಗಳ ಇಳಿಕೆಯೆಂದು ಅರ್ಥೈಸಲಾಗದು. 2010ರಲ್ಲಿ ಆಫ್‌ಸ್ಟೆಡ್ ಪ್ರಕಟಿಸಿದ ಪರಾಮರ್ಶೆಯು, ಎಲ್ಲ ಮಕ್ಕಳ ಬೋಧನೆಯನ್ನೂ ಸುಧಾರಿಸಿದರೆ "ಸ್ಕೂಲ್ ಆಕ್ಷನ್" ಹಂತದಲ್ಲಿರುವವರಲ್ಲಿ ಅರ್ಧದಷ್ಟು ಮಂದಿಯನ್ನು ಪಟ್ಟಿಗೆ ಸೇರಿಸುವ ಅಗತ್ಯವೇ ಇರಲಾರದೆಂದು ಅಭಿಪ್ರಾಯಪಟ್ಟಿತ್ತು. ಶಾಲೆಗಳು ತಮ್ಮ ಪಟ್ಟಿಗಳನ್ನು ಪರಿಷ್ಕರಿಸಿದವು. 2014ರ ಸುಧಾರಣೆಯು ಆ ಪರಿಷ್ಕರಣೆಗೆ ಮತ್ತಷ್ಟು ವೇಗ ನೀಡಿತು. ಹೀಗೆ ಕೈಬಿಟ್ಟವರಲ್ಲಿ ಯಾರಿಗೆ ನಿಜವಾಗಿಯೂ ನೆರವು ಬೇಕಿರಲಿಲ್ಲ, ಯಾರು ನೆರವನ್ನು ಕಳೆದುಕೊಂಡರು ಎಂಬುದನ್ನು ಗಣತಿಯ ಅಂಕಿಯಿಂದ ತಿಳಿಯಲು ಬರುವುದಿಲ್ಲ.

ಮಾಧ್ಯಮಿಕ ಹಂತದ ವೈಶಿಷ್ಟ್ಯಗಳು

ಎಸ್‌ಇಎನ್ ಬೆಂಬಲದ ಪ್ರಮಾಣವು ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳಲ್ಲಿ ಗರಿಷ್ಠ ಮಟ್ಟ ತಲುಪಿ, ಮಾಧ್ಯಮಿಕ ಹಂತದಲ್ಲಿ ಕ್ರಮೇಣ ಇಳಿಯುತ್ತದೆ. ಇದಕ್ಕೆ ಹಲವು ಕಾರಣಗಳಿವೆ. ಕೆಲವು ಮಕ್ಕಳ ತೊಂದರೆಯು ಸಕಾಲಿಕ ನೆರವಿನಿಂದ ನಿವಾರಣೆಯಾಗಿರುತ್ತದೆ. ಇನ್ನು ಕೆಲವರಿಗೆ ಇಎಚ್‌ಸಿ ಯೋಜನೆ ದೊರೆತು ಅವರು ಬೇರೆ ವರ್ಗಕ್ಕೆ, ಕೆಲವೊಮ್ಮೆ ವಿಶೇಷ ಶಾಲೆಗೆ, ಸ್ಥಳಾಂತರಗೊಂಡಿರುತ್ತಾರೆ. ಮೂರನೆಯ ಕಾರಣವು ಸಂಸ್ಥೆಯ ರಚನೆಗೆ ಸಂಬಂಧಿಸಿದ್ದು. ಪ್ರಾಥಮಿಕ ಶಾಲೆಯಲ್ಲಿ ಒಬ್ಬರೇ ಶಿಕ್ಷಕರು ಇಡೀ ದಿನ ಮಗುವನ್ನು ಗಮನಿಸುತ್ತಾರೆ. ಮಾಧ್ಯಮಿಕ ಶಾಲೆಯಲ್ಲಿ ಪ್ರತಿ ವಿಷಯಕ್ಕೂ ಬೇರೆ ಶಿಕ್ಷಕರು. ಒಬ್ಬೊಬ್ಬರೂ ಕಂಡ ಸಣ್ಣ ಸಣ್ಣ ಸುಳಿವುಗಳನ್ನು ಯಾರಾದರೂ ಒಂದೆಡೆ ಕೂಡಿಸದಿದ್ದರೆ ಅಗತ್ಯವು ಕಣ್ಣಿಗೆ ಬೀಳದೆ ಹೋಗಬಹುದು. ಎರಡು ಶಾಲೆಗಳು ಭಿನ್ನ ಮಾನದಂಡ ಬಳಸುವುದರಿಂದ, ಆರನೆಯ ವರ್ಷದಲ್ಲಿ ಪಟ್ಟಿಯಲ್ಲಿದ್ದ ಮಗು ಏಳನೆಯ ವರ್ಷದಲ್ಲಿ ಹೊಸ ಶಾಲೆಯ ಪಟ್ಟಿಯಲ್ಲಿ ಇಲ್ಲದಿರಬಹುದು.

ಹದಿಹರೆಯದಲ್ಲಿ ಮರೆಮಾಚುವಿಕೆಯೂ ಮಾಪನಕ್ಕೆ ತೊಡಕಾಗುತ್ತದೆ. ಸಹಪಾಠಿಗಳ ನಡುವೆ ಭಿನ್ನವಾಗಿ ಕಾಣಲು ಬಯಸದ ವಿದ್ಯಾರ್ಥಿಯು ಓದಲು ಬಾರದಿರುವುದನ್ನು ತುಂಟತನದ ಹಿಂದೆಯೋ ಮೌನದ ಹಿಂದೆಯೋ ಮುಚ್ಚಿಡಬಹುದು.

ಪರೀಕ್ಷಾ ರಿಯಾಯಿತಿಗಳನ್ನು ಈ ಸೂಚಕದೊಂದಿಗೆ ಬೆರೆಸಬಾರದು. ಜಿಸಿಎಸ್‌ಇ ಪರೀಕ್ಷೆಯಲ್ಲಿ ಶೇ. 25ರಷ್ಟು ಹೆಚ್ಚುವರಿ ಸಮಯ, ಓದಿಹೇಳುವವರು, ಬರೆಯುವ ಸಹಾಯಕರು ಮುಂತಾದ ಅನುಕೂಲಗಳಿಗೆ ಪ್ರತ್ಯೇಕ ನಿಯಮಗಳಿವೆ. ಅವುಗಳನ್ನು ಪಡೆದವರೆಲ್ಲ "ಕೆ" ಸಂಕೇತದಲ್ಲಿ ಇರಬೇಕೆಂದಿಲ್ಲ.

ವಿವಿಧ ಗುಂಪುಗಳಲ್ಲಿ ಹಂಚಿಕೆ

ಲಿಂಗ: ಬೆಂಬಲ ಪಡೆಯುವವರಲ್ಲಿ ಹತ್ತರಲ್ಲಿ ಸುಮಾರು ಆರು ಮಂದಿ ಹುಡುಗರು. ಇಎಚ್‌ಸಿ ಯೋಜನೆಯುಳ್ಳವರಲ್ಲಿ ಈ ಪಾಲು ಹತ್ತರಲ್ಲಿ ಏಳರಷ್ಟು. ಹುಡುಗಿಯರ ಆಟಿಸಂ ಮತ್ತು ಗಮನದ ಕೊರತೆಯು ತಡವಾಗಿ ಗುರುತಿಸಲ್ಪಡುತ್ತದೆ ಎಂಬುದು ಈ ಅಂತರಕ್ಕೆ ನೀಡಲಾಗುವ ವಿವರಣೆಗಳಲ್ಲಿ ಒಂದು.

ಬಡತನ: ಉಚಿತ ಶಾಲಾ ಊಟಕ್ಕೆ ಅರ್ಹರಾದ ಮಕ್ಕಳ ಪಾಲು ಬೆಂಬಲ ಪಡೆಯುವವರಲ್ಲಿ ಮೂರನೆಯ ಒಂದು ಭಾಗವನ್ನು ಮೀರಿದ್ದು, ಇತರ ವಿದ್ಯಾರ್ಥಿಗಳಿಗಿಂತ ಬಹಳ ಹೆಚ್ಚಾಗಿದೆ.

ಹುಟ್ಟಿದ ತಿಂಗಳು: ಇಂಗ್ಲೆಂಡಿನಲ್ಲಿ ಶಾಲಾ ವರ್ಷದ ವಯಸ್ಸನ್ನು ಸೆಪ್ಟೆಂಬರ್ 1ರಿಂದ ಲೆಕ್ಕಹಾಕುವುದರಿಂದ ಆಗಸ್ಟ್‌ನಲ್ಲಿ ಹುಟ್ಟಿದವರು ತರಗತಿಯಲ್ಲಿ ಅತಿ ಕಿರಿಯರು. ಇವರು ಸೆಪ್ಟೆಂಬರ್‌ನಲ್ಲಿ ಹುಟ್ಟಿದವರಿಗಿಂತ ಹೆಚ್ಚಾಗಿ ವಿಶೇಷ ಅಗತ್ಯದ ಪಟ್ಟಿಗೆ ಸೇರುತ್ತಾರೆ. ವಯಸ್ಸಿನ ಸಹಜ ಅಂತರವೂ ಅಗತ್ಯವೆಂದು ದಾಖಲಾಗಬಹುದೆಂಬುದಕ್ಕೆ ಇದು ನಿದರ್ಶನ.

ಜನಾಂಗೀಯ ಹಿನ್ನೆಲೆ: ಕಪ್ಪು ಕೆರಿಬಿಯನ್ ಮೂಲದ ವಿದ್ಯಾರ್ಥಿಗಳು ಸಾಮಾಜಿಕ-ಭಾವನಾತ್ಮಕ ಅಗತ್ಯಗಳ ವರ್ಗದಲ್ಲಿ ಹೆಚ್ಚಿನ ಪ್ರಮಾಣದಲ್ಲಿ ದಾಖಲಾಗುತ್ತಾರೆ. ಭಾರತೀಯ ಮತ್ತು ಚೀನೀ ಮೂಲದವರಲ್ಲಿ ಬೆಂಬಲದ ಪ್ರಮಾಣವು ಕಡಿಮೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸ್ಟೀವ್ ಸ್ಟ್ರಾಂಡ್ ಮತ್ತು ಆರಿಯಲ್ ಲಿಂಡಾರ್ಫ್ ಅವರ ಅಧ್ಯಯನಗಳು ಏಷ್ಯನ್ ಮೂಲದ ಮಕ್ಕಳಲ್ಲಿ ಆಟಿಸಂ ಕಡಿಮೆ ಪ್ರಮಾಣದಲ್ಲಿ ಗುರುತಿಸಲ್ಪಡುವುದನ್ನು ತೋರಿಸಿವೆ. ಭಾರತೀಯ ಮೂಲದ ಕುಟುಂಬಗಳ ಮಟ್ಟಿಗೆ ಕಡಿಮೆ ಅಂಕಿಯು ಕಡಿಮೆ ಅಗತ್ಯವನ್ನೇ ಸೂಚಿಸುತ್ತದೆ ಎಂದು ಹೇಳಲಾಗದು. ನೆರವು ಬೇಕಿದ್ದವರು ಎಣಿಕೆಯ ಹೊರಗೆ ಉಳಿದಿರುವ ಸಾಧ್ಯತೆಯನ್ನೂ ಪರಿಗಣಿಸಬೇಕಾಗುತ್ತದೆ.

ಮಾಪನದ ಮಿತಿಗಳು

ಶಾಲೆಯಿಂದ ಶಾಲೆಗೆ ವ್ಯತ್ಯಾಸ: ಎಜುಕೇಷನ್ ಪಾಲಿಸಿ ಇನ್‌ಸ್ಟಿಟ್ಯೂಟ್ 2021ರಲ್ಲಿ ಪ್ರಕಟಿಸಿದ ಜೋ ಹಚಿನ್ಸನ್ ಅವರ ಅಧ್ಯಯನದ ಪ್ರಕಾರ, ಮಗುವು ಪಟ್ಟಿಗೆ ಸೇರುವ ಸಾಧ್ಯತೆಯನ್ನು ನಿರ್ಧರಿಸುವಲ್ಲಿ ಮಗುವಿನ ವೈಯಕ್ತಿಕ ಲಕ್ಷಣಗಳಿಗಿಂತ ಅದು ಓದುವ ಪ್ರಾಥಮಿಕ ಶಾಲೆಯು ಹೆಚ್ಚು ಪ್ರಭಾವ ಬೀರುತ್ತದೆ. ಒಂದೇ ಬಗೆಯ ತೊಂದರೆಯುಳ್ಳ ಇಬ್ಬರು ಮಕ್ಕಳಲ್ಲಿ ಒಬ್ಬರು ಮಾತ್ರ ಎಣಿಕೆಗೆ ಬರುವ ಸಾಧ್ಯತೆಯನ್ನು ಇದು ಸೂಚಿಸುತ್ತದೆ.

ಒಂದು ದಿನದ ಚಿತ್ರ: ಜನವರಿಯ ಒಂದು ದಿನದ ಎಣಿಕೆಯು ವರ್ಷಗಳ ಚಲನೆಯನ್ನು ಮರೆಮಾಡುತ್ತದೆ. ಅದೇ ಸಂಸ್ಥೆಯ 2017ರ ವಿಶ್ಲೇಷಣೆಯ ಪ್ರಕಾರ, ಕಡ್ಡಾಯ ಶಿಕ್ಷಣದ ಅವಧಿಯ ಯಾವುದೋ ಒಂದು ಹಂತದಲ್ಲಿ ಹತ್ತರಲ್ಲಿ ಸುಮಾರು ನಾಲ್ಕು ಮಕ್ಕಳು ವಿಶೇಷ ಅಗತ್ಯವುಳ್ಳವರೆಂದು ದಾಖಲಾಗಿರುತ್ತಾರೆ. ಇದು ಯಾವುದೇ ಒಂದು ವರ್ಷದ ಅಂಕಿಯ ಸುಮಾರು ಎರಡು ಪಟ್ಟು.

ನೆರವಿನ ಪ್ರಮಾಣ ತಿಳಿಯದು: ವಾರಕ್ಕೆ ಒಂದು ಗಂಟೆಯ ಓದಿನ ಅಭ್ಯಾಸ ಪಡೆಯುವ ವಿದ್ಯಾರ್ಥಿಗೂ, ಪ್ರತಿದಿನ ಸಹಾಯಕ ಸಿಬ್ಬಂದಿಯ ನೆರವು ಪಡೆಯುವ ವಿದ್ಯಾರ್ಥಿಗೂ ಒಂದೇ ಸಂಕೇತ. ಹೆಸರು ಪಟ್ಟಿಯಲ್ಲಿದ್ದು ನೆರವು ವಾಸ್ತವದಲ್ಲಿ ತಲುಪದಿದ್ದರೂ ಅಂಕಿಯು ಬದಲಾಗುವುದಿಲ್ಲ.

ಎಣಿಕೆಯ ಹೊರಗೆ ಉಳಿಯುವವರು: ಮನೆಶಿಕ್ಷಣಕ್ಕೆ ತೆರಳಿದವರು ಹಾಗೂ ಶಾಲೆಯ ದಾಖಲಾತಿಯಿಂದ ಕೈಬಿಡಲ್ಪಟ್ಟವರು ಶಾಲಾ ಗಣತಿಯಲ್ಲಿ ಕಾಣಿಸುವುದಿಲ್ಲ. ವಿದ್ಯಾರ್ಥಿಯ ಹಿತಕ್ಕಿಂತ ಶಾಲೆಯ ಹಿತಕ್ಕಾಗಿ, ವಿಧಿಬದ್ಧ ಉಚ್ಚಾಟನೆಯಿಲ್ಲದೆ ಹೆಸರನ್ನು ತೆಗೆಯುವುದನ್ನು ಆಫ್‌ಸ್ಟೆಡ್ "ಆಫ್-ರೋಲಿಂಗ್" ಎಂದು ಕರೆದು ಖಂಡಿಸಿದೆ. ಹತ್ತು ಮತ್ತು ಹನ್ನೊಂದನೆಯ ವರ್ಷಗಳ ನಡುವೆ ದಾಖಲಾತಿಯಿಂದ ಕಣ್ಮರೆಯಾಗುವವರಲ್ಲಿ ವಿಶೇಷ ಅಗತ್ಯವುಳ್ಳವರ ಪಾಲು ಅವರ ಒಟ್ಟು ಸಂಖ್ಯೆಗೆ ಹೋಲಿಸಿದರೆ ಹೆಚ್ಚು.

ಅಂಗವೈಕಲ್ಯದೊಂದಿಗೆ ಗೊಂದಲ: 2010ರ ಸಮಾನತೆ ಕಾಯಿದೆಯಲ್ಲಿರುವ ಅಂಗವೈಕಲ್ಯದ ವ್ಯಾಖ್ಯೆಯು ಬೇರೆಯದು. ಎರಡು ಗುಂಪುಗಳು ಒಂದರ ಮೇಲೊಂದು ಭಾಗಶಃ ಮಾತ್ರ ಹೊಂದಿಕೊಳ್ಳುತ್ತವೆ.

ಫಲಿತಾಂಶಗಳ ಮಾಪನ

ಬೆಂಬಲದ ಪರಿಣಾಮವನ್ನು ಅರಿಯಲು ಪರೀಕ್ಷಾ ಸಾಧನೆ, ಹಾಜರಾತಿ, ತಾತ್ಕಾಲಿಕ ಮತ್ತು ಶಾಶ್ವತ ಉಚ್ಚಾಟನೆ ಹಾಗೂ 16ನೆಯ ವಯಸ್ಸಿನ ನಂತರದ ಶಿಕ್ಷಣ ಅಥವಾ ಉದ್ಯೋಗದ ಅಂಕಿಗಳನ್ನು ನೋಡಲಾಗುತ್ತದೆ. ಎಂಟು ಅರ್ಹತೆಗಳ ಅಂಕಗಳನ್ನು ಒಟ್ಟುಗೂಡಿಸುವ "ಅಟೈನ್‌ಮೆಂಟ್ 8" ಮಾಪನದಲ್ಲಿ ಇತ್ತೀಚಿನ ವರ್ಷಗಳಲ್ಲಿ ವಿಶೇಷ ಅಗತ್ಯವಿಲ್ಲದವರ ಸರಾಸರಿ ಸುಮಾರು 50 ಇದ್ದರೆ, ಬೆಂಬಲ ಪಡೆಯುವವರದು ಸುಮಾರು 33.

ಈ ಅಂತರವನ್ನು ಓದುವಾಗ ಗುಂಪಿನ ಸಂಯೋಜನೆಯ ಪರಿಣಾಮವನ್ನು ಗಮನಿಸಬೇಕು. 100 ವಿದ್ಯಾರ್ಥಿಗಳ ಒಂದು ಕಾಲ್ಪನಿಕ ಶಾಲೆಯಲ್ಲಿ 80 ಮಂದಿ ಪಟ್ಟಿಯ ಹೊರಗಿದ್ದು ತಲಾ 50 ಅಂಕ ಪಡೆದಿದ್ದಾರೆ ಎಂದುಕೊಳ್ಳಿ. ಪಟ್ಟಿಯಲ್ಲಿರುವ 20 ಮಂದಿಯಲ್ಲಿ ಹತ್ತು ಮಂದಿಗೆ ತಲಾ 40, ಉಳಿದ ಹತ್ತು ಮಂದಿಗೆ ತಲಾ 30 ಅಂಕಗಳು. ಪಟ್ಟಿಯ ಸರಾಸರಿ 35. ಈಗ 40 ಅಂಕ ಪಡೆದ ಹತ್ತು ಮಂದಿಯನ್ನು ಪಟ್ಟಿಯಿಂದ ಕೈಬಿಟ್ಟರೆ ಪಟ್ಟಿಯ ಸರಾಸರಿ 30ಕ್ಕೆ ಇಳಿಯುತ್ತದೆ. ಪಟ್ಟಿಯ ಹೊರಗಿನವರ ಸರಾಸರಿಯೂ 50ರಿಂದ 48.9ಕ್ಕೆ ಇಳಿಯುತ್ತದೆ. ಒಬ್ಬ ವಿದ್ಯಾರ್ಥಿಯ ಅಂಕವೂ ಬದಲಾಗದೆ ಎರಡೂ ಗುಂಪುಗಳು ಹಿಂದೆ ಬಿದ್ದಂತೆ ತೋರುತ್ತವೆ. ಶಾಲೆಯ ಒಟ್ಟು ಸರಾಸರಿ ಮಾತ್ರ 47ರಲ್ಲಿಯೇ ಉಳಿದಿರುತ್ತದೆ. ಆದ್ದರಿಂದ ಪಟ್ಟಿಯ ಗಾತ್ರವು ಬದಲಾದ ವರ್ಷಗಳ ಸಾಧನಾ ಅಂತರಗಳನ್ನು ನೇರವಾಗಿ ಹೋಲಿಸಲಾಗದು.

ಹಣಕಾಸಿನೊಂದಿಗೆ ಸಂಬಂಧ

ಬೆಂಬಲ ಪಡೆಯುವ ವಿದ್ಯಾರ್ಥಿಗಳ ಸಂಖ್ಯೆಗೆ ಅನುಗುಣವಾಗಿ ಶಾಲೆಗೆ ನೇರವಾಗಿ ಹಣ ಬರುವುದಿಲ್ಲ. ಸಾಮಾನ್ಯ ಶಾಲೆಯು ವಿದ್ಯಾರ್ಥಿಯೊಬ್ಬರ ಹೆಚ್ಚುವರಿ ನೆರವಿನ ವೆಚ್ಚದಲ್ಲಿ ಮೊದಲ 6,000 ಪೌಂಡ್‌ಗಳನ್ನು ತನ್ನ ಆಯವ್ಯಯದಿಂದಲೇ ಭರಿಸಬೇಕೆಂಬ ನಿರೀಕ್ಷೆಯಿದೆ. ಅದಕ್ಕೂ ಮೀರಿದಾಗ ಸ್ಥಳೀಯ ಪ್ರಾಧಿಕಾರದ ಹೆಚ್ಚುವರಿ ಅನುದಾನವನ್ನು ಕೋರಬಹುದು. ಶಾಲೆಯ ಆಯವ್ಯಯದಲ್ಲಿ ಇದಕ್ಕಾಗಿ ಗುರುತಿಸುವ ಮೊತ್ತವನ್ನು ಹಿಂದಿನ ಕಲಿಕಾ ಮಟ್ಟ, ಬಡತನ ಮುಂತಾದ ಪರೋಕ್ಷ ಸೂಚಕಗಳಿಂದ ಅಂದಾಜಿಸಲಾಗುತ್ತದೆ. ಹಣಕ್ಕಾಗಿ ಪಟ್ಟಿಯನ್ನು ಉಬ್ಬಿಸುವ ಪ್ರಚೋದನೆಯನ್ನು ಇದು ತಗ್ಗಿಸುತ್ತದೆ. ಅದೇ ವೇಳೆ, ಅಗತ್ಯವನ್ನು ಗುರುತಿಸಿದ ಶಾಲೆಗೆ ಹೊಣೆ ಹೆಚ್ಚುತ್ತದೆಯೇ ಹೊರತು ಹಣವು ತಾನಾಗಿ ಹೆಚ್ಚುವುದಿಲ್ಲ. ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯು 2024ರ ತನ್ನ ವರದಿಯಲ್ಲಿ ಒಟ್ಟಾರೆ ವ್ಯವಸ್ಥೆಯು ಆರ್ಥಿಕವಾಗಿ ಸುಸ್ಥಿರವಾಗಿಲ್ಲವೆಂದು ಹೇಳಿತು.

ಇತರ ದೇಶಗಳೊಂದಿಗೆ ಹೋಲಿಕೆ

ಯುನೈಟೆಡ್ ಕಿಂಗ್‌ಡಮ್‌ನ ಒಳಗೇ ನಾಲ್ಕು ವ್ಯವಸ್ಥೆಗಳಿವೆ. ಸ್ಕಾಟ್ಲೆಂಡ್ 2004ರ ಕಾಯಿದೆಯ ಮೂಲಕ "ಹೆಚ್ಚುವರಿ ಬೆಂಬಲದ ಅಗತ್ಯ" ಎಂಬ ವಿಶಾಲ ಪರಿಕಲ್ಪನೆಯನ್ನು ಅಳವಡಿಸಿಕೊಂಡಿತು. ಪೋಷಕರ ಅಗಲಿಕೆ, ಭಾಷೆಯ ಅಡ್ಡಿ ಮುಂತಾದ ಕಾರಣಗಳೂ ಅದರಲ್ಲಿ ಸೇರುತ್ತವೆ. 2024ರಲ್ಲಿ ಅಲ್ಲಿ ಸುಮಾರು ಶೇ. 40ರಷ್ಟು ವಿದ್ಯಾರ್ಥಿಗಳು ಈ ವರ್ಗದಲ್ಲಿದ್ದರು. ವೇಲ್ಸ್ ದೇಶವು 2018ರ ಕಾಯಿದೆಯನ್ನು 2021ರಿಂದ ಜಾರಿಗೆ ತಂದಾಗ ಅಲ್ಲಿನ ಅಂಕಿಯು ಗಣನೀಯವಾಗಿ ಕುಸಿಯಿತು. ಅಕ್ಕಪಕ್ಕದ ದೇಶಗಳ ಮಕ್ಕಳಲ್ಲಿ ಇಷ್ಟು ದೊಡ್ಡ ವ್ಯತ್ಯಾಸವಿರಲು ಸಾಧ್ಯವಿಲ್ಲ, ವ್ಯತ್ಯಾಸವಿರುವುದು ವ್ಯಾಖ್ಯೆಯಲ್ಲಿ.

ವ್ಯಾಖ್ಯೆಗಳ ಈ ತೊಡಕನ್ನು ಮೀರಲು ಯುನಿಸೆಫ್ ಮತ್ತು ವಾಷಿಂಗ್ಟನ್ ಗುಂಪು 2016ರಲ್ಲಿ ಮಕ್ಕಳ ಕಾರ್ಯಸಾಮರ್ಥ್ಯದ ಪ್ರಶ್ನಾವಳಿಯೊಂದನ್ನು ಹೊರತಂದವು. 2ರಿಂದ 17 ವರ್ಷದ ಮಕ್ಕಳು ನೋಡುವುದು, ಕೇಳುವುದು, ನಡೆಯುವುದು, ಕಲಿಯುವುದು ಮುಂತಾದವುಗಳಲ್ಲಿ ಎಷ್ಟು ಕಷ್ಟ ಅನುಭವಿಸುತ್ತಾರೆಂದು ಇದರಲ್ಲಿ ತಾಯಿ ಅಥವಾ ಪಾಲಕರನ್ನು ಕೇಳಲಾಗುತ್ತದೆ. ಇದು ಶಾಲೆಯ ನಿರ್ಧಾರವನ್ನು ಅವಲಂಬಿಸಿಲ್ಲ.

ಭಾರತದಲ್ಲಿ ಯುಡೈಸ್ ಪ್ಲಸ್ ದತ್ತಾಂಶ ವ್ಯವಸ್ಥೆಯು "ವಿಶೇಷ ಅಗತ್ಯವುಳ್ಳ ಮಕ್ಕಳು" ಎಂಬ ಶೀರ್ಷಿಕೆಯಡಿ ಎಣಿಕೆ ಮಾಡುತ್ತದೆ. ಇಲ್ಲಿನ ವರ್ಗೀಕರಣವು 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿರುವ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಗೆ ಹತ್ತಿರವಾದುದು. ಹೀಗಾಗಿ ಇಂಗ್ಲೆಂಡಿನ ಬೆಂಬಲದ ಅಂಕಿಯನ್ನು ಕರ್ನಾಟಕದ ಪ್ರೌಢಶಾಲೆಗಳ ಅಂಕಿಯೊಂದಿಗೆ ನೇರವಾಗಿ ಹೋಲಿಸಲಾಗದು. ಈ ಕಾಯಿದೆಯು ನಿರ್ದಿಷ್ಟ ಕಲಿಕಾ ತೊಂದರೆಗಳನ್ನೂ ಅಂಗವೈಕಲ್ಯದ ಪಟ್ಟಿಗೆ ಸೇರಿಸಿತು. ಅವುಗಳ ಮೌಲ್ಯಮಾಪನಕ್ಕಾಗಿ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ರೂಪಿಸಿದ ಪರೀಕ್ಷಾ ಸರಣಿಯನ್ನು ಸೂಚಿಸಿತು.

ಇವನ್ನೂ ನೋಡಿ

- ಸಮನ್ವಯ ಶಿಕ್ಷಣ
- ಡಿಸ್ಲೆಕ್ಸಿಯಾ
- ಆಟಿಸಂ
- ಇಂಗ್ಲೆಂಡಿನ ಶಿಕ್ಷಣ ವ್ಯವಸ್ಥೆ
- ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ, 2016
- ಸಮಗ್ರ ಶಿಕ್ಷಣ